ಬರಬ್ಬನಿಗೆ ಯಾವ ಹೆಸರು?



ಯೇಸುವಿನ ಬದಲು ಜನರು ಬಿಡಿಸಿಕೊಂಡ ಬರಬ್ಬ ಯಾರು? ಸಂತ ಮಾರ್ಕರು ನಡೆದದ್ದನ್ನು ಹೇಳುತ್ತಾರೆ: ದಂಗೆ ಎದ್ದಿತ್ತು, ಅದರಲ್ಲಿ ಕೊಲೆಯಾಗಿತ್ತು, ಆ ದಂಗೆಕೋರರ ಜೊತೆ ಇವನೂ ಸೆರೆಯಲ್ಲಿದ್ದ. ರೋಮನರ ಕಣ್ಣಿಗೆ ಅವನು ದ್ರೋಹಿ. ಅವನ ಕಡೆಯವರಿಗೆ ಬಹುಶಃ ವೀರ. ಸತ್ತವನ ಮನೆಯವರನ್ನು ಕೇಳಿದವರು ಯಾರು?

ಗೋವೆಗೆ ಇದು ಹೊಸತಲ್ಲ. 1961ರ ಡಿಸೆಂಬರ್ 19ರಂದು ನಡೆದದ್ದು ಭಾರತಕ್ಕೆ ವಿಮೋಚನೆ, ಲಿಸ್ಬನ್ನಿನ ಸರ್ಕಾರಕ್ಕೆ ಆಕ್ರಮಣ. ಪದ ಆರಿಸಿದ ಕೂಡಲೇ ತೀರ್ಪೂ ಕೊಟ್ಟಂತಾಯಿತು.

2009ರ ಅಕ್ಟೋಬರ್ 16, ದೀಪಾವಳಿಯ ಮುನ್ನಾದಿನ. ನಮ್ಮ ಮಡಗಾಂವಿನಲ್ಲಿ ಸ್ಕೂಟರೊಂದರಲ್ಲಿದ್ದ ಬಾಂಬ್ ಸಿಡಿದು ಇಬ್ಬರು ಸತ್ತರು. ತನಿಖೆ ಮುಗಿಯುವ ಮೊದಲೇ 'ಹಿಂದೂ ಭಯೋತ್ಪಾದನೆ' ಎಂಬ ಮಾತು ಸುದ್ದಿಗಳಲ್ಲಿ ಓಡಾಡಿತು. 2013ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಆರು ಆರೋಪಿಗಳನ್ನು ಬಿಡುಗಡೆ ಮಾಡಿತು. ಬಾಂಬ್ ಸಿಡಿದದ್ದು ನಿಜ, ಇಬ್ಬರು ಸತ್ತದ್ದೂ ನಿಜ. ಆದರೆ ಆ ಒಂದು ಪದ, ಅಂದು ಹಣತೆ ಹಚ್ಚುತ್ತಿದ್ದ ನೆರೆಮನೆಯವರನ್ನೂ ಕಟಕಟೆಗೆ ಎಳೆದು ತಂದಿತು. 'ಇಸ್ಲಾಮಿಕ್ ಭಯೋತ್ಪಾದನೆ' ಎಂದಾಗ ಮಾರುಕಟ್ಟೆಯಲ್ಲಿ ಮೀನು ಮಾರುವ ಮುಸ್ಲಿಂ ಸಹೋದರನಿಗೆ ಆಗುವುದೂ ಇದೇ.

ಈ ನೋವು ನಮಗೂ ಗೊತ್ತು. 2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ಗುಂಪು ನುಗ್ಗಿತು. ದಾಳಿಯ ಸುದ್ದಿಯೊಡನೆ 'ಮತಾಂತರ' ಎಂಬ ಪದವೂ ಅಂಟಿಕೊಂಡು ಬಂತು. ಮಠದ ಗೋಡೆಯೊಳಗೆ ಮೌನ ಪ್ರಾರ್ಥನೆಯಲ್ಲಿ ಬಾಳುವ ಸಹೋದರಿಯರು ಅವರು! ಹೊಡೆಸಿಕೊಂಡವರೇ ಉತ್ತರ ಹೇಳಬೇಕಾಯಿತು. ಇನ್ನು ಗೋವೆಯಲ್ಲಿ ದುಡಿಯುವ ಕನ್ನಡಿಗರಾದ ನಾವು 'ಘಾಂಟಿ' ಎಂಬ ಮಾತನ್ನು ಕೇಳದ ದಿನವುಂಟೇ? ಎಲ್ಲೋ ಕಳವಾಗುತ್ತದೆ, ಸುದ್ದಿಯಲ್ಲಿ 'ವಲಸಿಗ' ಎಂದು ಬರುತ್ತದೆ. ಮರುದಿನ ಬಾಡಿಗೆ ಮನೆಯ ಯಜಮಾನರು ನಮ್ಮನ್ನು ನೋಡುವ ನೋಟವೇ ಬೇರೆ.

ಹಾಗಾದರೆ ಪತ್ರಿಕೆಗಳು ಭಯೋತ್ಪಾದನೆಯನ್ನು ಹಾಗೆಂದು ಕರೆಯಲೇಬಾರದೇ? ನಾವು ಹಾಗೆನ್ನುವುದಿಲ್ಲ. ಗುಂಪು ಕಟ್ಟಿ ಹೊಡೆದದ್ದನ್ನು 'ಘರ್ಷಣೆ' ಎಂದು ತೇಲಿಸುವುದೂ ಸುಳ್ಳು ಸಾಕ್ಷಿಯೇ. ಎಂಟನೆಯ ಆಜ್ಞೆ ಕೇಳುವುದು ಇಷ್ಟೇ: ಏನು ನಡೆಯಿತು, ಯಾರು ಸತ್ತರು, ಯಾರ ಮೇಲೆ ಆರೋಪವಿದೆ, ಏನು ಸಾಬೀತಾಗಿದೆ ಎಂಬುದನ್ನು ನೇರವಾಗಿ ಹೇಳಿ. ಕೃತ್ಯವನ್ನು ಮರೆಮಾಚಬೇಡಿ, ಅದರ ಕಳಂಕವನ್ನು ಒಂದಿಡೀ ಜನಾಂಗಕ್ಕೆ ಬಳಿಯಬೇಡಿ. ಅವಸರದ ತೀರ್ಪನ್ನು ಧರ್ಮಸಭೆ ಪಾಪವೆಂದೇ ಬೋಧಿಸುತ್ತದೆ.

ಈ ಆಜ್ಞೆ ಸಂಪಾದಕರಿಗೆ ಮಾತ್ರವಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ಮುಗಿಸುವ ಮೊದಲೇ ಹತ್ತು ಗುಂಪುಗಳಿಗೆ ದಾಟಿಸುವ ನಾವೂ ಈಗ ಸುದ್ದಿಗಾರರೇ. ನಮ್ಮನ್ನು 'ಘಾಂಟಿ' ಎಂದಾಗ ಕಣ್ಣೀರಿಡುವ ನಾವು, ಇನ್ನೊಬ್ಬರನ್ನು 'ದೇಶದ್ರೋಹಿ' ಎಂದು ಬರೆದದ್ದನ್ನು ನಗುತ್ತಾ ಮುಂದೆ ಕಳಿಸಿಲ್ಲವೇ? ಮುಂದಿನ ಪಾಪನಿವೇದನೆಗೆ ಹೋಗುವ ಮೊದಲು ನಮ್ಮ ಮೊಬೈಲನ್ನೂ ಒಮ್ಮೆ ತೆರೆದು ನೋಡೋಣ.

ಗೆತ್ಸೆಮನಿ ತೋಪಿನಲ್ಲಿ ಕತ್ತಿ ದೊಣ್ಣೆ ಹಿಡಿದವರನ್ನು ಕರೆತಂದ ಯೂದನಿಗೆ ಯೇಸು ಏನೆಂದರು? ಮುತ್ತಿಟ್ಟು ಹಿಡಿದುಕೊಡುತ್ತಿದ್ದೀಯಾ ಎಂದು ಕೃತ್ಯವನ್ನು ನೇರವಾಗಿಯೇ ಹೆಸರಿಸಿದರು. ಆದರೂ ಅವನನ್ನು ಕರೆದದ್ದು ಗೆಳೆಯ ಎಂದೇ.

ಪ್ರಭುವೇ, ಸತ್ಯವನ್ನು ಹೇಳುವ ಧೈರ್ಯವನ್ನೂ, ನೆರೆಯವರ ಹೆಸರನ್ನು ಕಾಯುವ ಪ್ರೀತಿಯನ್ನೂ ನಮಗೆ ದಯಪಾಲಿಸಿರಿ. ಆಮೆನ್.