ತಲೆನೋವನ್ನು ಮುಚ್ಚಿಟ್ಟವರು

ಗುಲ್‌ಮರ್ಗ್‌ನಿಂದ ಅಲ್‌ಪಥರ್ ಸರೋವರಕ್ಕೆ ನಾವು ಒಂಬತ್ತು ಮಂದಿ ಹೊರಟದ್ದು 2019ರ ಜೂನ್‌ನಲ್ಲಿ, ಈದ್ ಕಳೆದ ಮರುವಾರ. ಇತ್ತ ಊರಿನಲ್ಲಿ ಮಳೆಯ ನಿರೀಕ್ಷೆ; ಅತ್ತ ಅಫರ್ವತ್ ಬೆಟ್ಟದ ಮೈಮೇಲೆ ಇನ್ನೂ ಹಿಮ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ದಾರಿ. ಮಧ್ಯವಯಸ್ಸಿನ ಕಾಶ್ಮೀರಿ ಮಾರ್ಗದರ್ಶಿ ಮೊದಲೇ ಕರಾರು ಮಾಡಿಕೊಂಡಿದ್ದರು: ಎಲ್ಲಿಯೇ ಇರಲಿ, ಒಂದು ಗಂಟೆಗೆ ಹಿಂದಿರುಗಬೇಕು. ಬೆಳಗಿನ ಗಟ್ಟಿ ಹಿಮ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗುತ್ತದೆ. ಅಡಿಯಲ್ಲಿ ತೊರೆ ಹರಿಯುತ್ತಿದ್ದರೆ ಕಾಲು ಕುಸಿದೀತು.

ಖಿಲನ್‌ಮರ್ಗ್‌ನ ಹುಲ್ಲುಗಾವಲು ದಾಟಿದ ಮೇಲೆ ಮೇಷ್ಟ್ರು ಹಿಂದೆ ಬೀಳತೊಡಗಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ನಿವೃತ್ತರು. "ಏನಾದರೂ ತೊಂದರೆಯೇ ಮೇಷ್ಟ್ರೇ?" ಎಂದು ಮೂರು ಬಾರಿ ಕೇಳಿದೆವು. ಮೂರು ಬಾರಿಯೂ "ಏನಿಲ್ಲಪ್ಪಾ, ನೀವು ನಡೀರಿ" ಎಂದರು. ಕೈಗೆ ಕೊಟ್ಟ ಬಿಸ್ಕತ್ತನ್ನು ಅವರು ಮೆಲ್ಲನೆ ಜೇಬಿಗೆ ಸೇರಿಸಿದ್ದನ್ನು ಕಂಡದ್ದು ಮಾರ್ಗದರ್ಶಿ ಮಾತ್ರ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ನಾಲ್ಕನೆಯ ಹೆಜ್ಜೆಗೆ ಮೇಷ್ಟ್ರು ವಾಲಿದರು. ಬೆಳಗಿನಿಂದಲೂ ತಲೆನೋವು, ವಾಕರಿಕೆ ಇತ್ತೆಂದು ಆಗ ಒಪ್ಪಿಕೊಂಡರು.

ಗುಲ್‌ಮರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಆ ಎತ್ತರದಿಂದಾಚೆ ಗಾಳಿಯ ತೆಳುವು ಯಾರನ್ನು ಹಿಡಿಯುತ್ತದೆಂದು ಹೇಳಲಾಗದು. ಗಟ್ಟಿಮುಟ್ಟಾದ ತರುಣರನ್ನೂ ಬಿಡುವುದಿಲ್ಲ. ಮೊದಲ ಮದ್ದು ಕೆಳಗಿಳಿಯುವುದು, ಅದೂ ಒಬ್ಬರೇ ಇಳಿಯುವಂತಿಲ್ಲ. ಮಾರ್ಗದರ್ಶಿ ಒಬ್ಬರೇ ಆದ್ದರಿಂದ ಎಲ್ಲರೂ ಇಳಿಯಬೇಕಾಯಿತು. ಸರೋವರ ಇನ್ನೊಂದು ಗಂಟೆಯ ದಾರಿಯಷ್ಟೇ. ಹಣ ಕೂಡಿಟ್ಟು ಬಂದಿದ್ದ ಹುಡುಗನೊಬ್ಬನ ಮುಖ ಬಾಡಿತು. ಅದನ್ನು ಸ್ವಾರ್ಥ ಎಂದು ತಳ್ಳಿಹಾಕಲು ನಮಗೆ ಮನಸ್ಸಾಗದು.

ಅಂದು ರಾತ್ರಿ ಮೇಷ್ಟ್ರ ಮೌನವನ್ನು ನಾವು ತ್ಯಾಗವೆಂದು ಕೊಂಡಾಡಿದೆವು. ಇಂದು ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮಗೆ ತಮಗಿಂತ ಸರೋವರವೇ ಹೆಚ್ಚೆಂದು ನಮ್ಮ ಪರವಾಗಿ ಅವರೇ ತೀರ್ಮಾನಿಸಿಬಿಟ್ಟಿದ್ದರಲ್ಲ! ಇನ್ನರ್ಧ ಗಂಟೆ ಆ ತೀರ್ಮಾನ ನಡೆದಿದ್ದರೆ ಅವರನ್ನು ಹೊತ್ತು ಇಳಿಸಬೇಕಾಗುತ್ತಿತ್ತು, ಕುಸಿಯುವ ಹಿಮದ ಮೇಲೆ, ನಮ್ಮೆಲ್ಲರ ಜೀವ ಪಣಕ್ಕಿಟ್ಟು.

ಆದರೆ ಹಾಗೆ ತೀರ್ಮಾನಿಸಲು ಕಲಿಸಿದವರು ಯಾರು? ಬೆಳಗಿನಿಂದ ಅವರನ್ನು "ನಮ್ಮ ತಂಡದ ಯುವಕ" ಎಂದು ಹುರಿದುಂಬಿಸಿದವರು ನಾವು. ಚೀಲ ಬೆನ್ನಿಗೇರಿಸಿ, ಮುಂದಿನ ಹೆಜ್ಜೆಗೆ ಕಾಲೆತ್ತಿ, ಎಂಟು ಜನರೆದುರು "ತೊಂದರೆಯೇ?" ಎಂದು ಕೇಳಿದವರೂ ನಾವೇ. ಮನೆಯಲ್ಲಿ "ನನಗೆ ಹಸಿವಿಲ್ಲ" ಎನ್ನುವ ತಾಯಿಯನ್ನು ಹೊಗಳುತ್ತೇವೆ, ಪಾತ್ರೆಯಲ್ಲಿ ಅನ್ನ ಉಳಿದಿದೆಯೇ ಎಂದು ಇಣುಕುವುದಿಲ್ಲ. ಬಿಸ್ಕತ್ತಿನ ಮೇಲೆ ಕಣ್ಣಿಟ್ಟಿದ್ದ ಆ ಮಾರ್ಗದರ್ಶಿಗೆ ಮೇಷ್ಟ್ರು ಬಂಧುವೂ ಅಲ್ಲ, ಗುರುವೂ ಅಲ್ಲ.

ಖಿಲನ್‌ಮರ್ಗ್ ತಲಪುವಷ್ಟರಲ್ಲಿ ತಲೆನೋವು ತುಸು ಇಳಿದಿತ್ತು, ಹೆಜ್ಜೆ ನೆಟ್ಟಗಾಗಿತ್ತು. ಚಹಾ ಕುಡಿಯುತ್ತಾ ಮೇಷ್ಟ್ರು ಒಬ್ಬೊಬ್ಬರನ್ನೂ ಹೆಸರಿಡಿದು ಕರೆದು ಕ್ಷಮೆ ಕೇಳಿದರು. "ಪರವಾಗಿಲ್ಲ ಬಿಡಿ ಮೇಷ್ಟ್ರೇ" ಎಂದೆವು, ದೊಡ್ಡ ಮನಸ್ಸು ಮಾಡಿದವರಂತೆ. ನಮ್ಮಲ್ಲಿ ಒಬ್ಬರೂ ಅವರ ಕ್ಷಮೆ ಕೇಳಲಿಲ್ಲ.