ಗ್ರಂಥಭಂಡಾರವೂ ಅರಿವಿನ ದಾಸೋಹವೂ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಸಮೀಪದಲ್ಲಿ ಸೂಳೆಕೆರೆಯೆಂದು ಪ್ರಸಿದ್ಧವಾದ ವಿಶಾಲವಾದ ಕೆರೆಯುಂಟು. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಶಾಂತವ್ವೆಯೆಂಬ ಹೆಣ್ಣುಮಗಳು ಅದನ್ನು ಕಟ್ಟಿಸಿದಳೆಂಬ ಕಥೆಯನ್ನು ಆ ಸೀಮೆಯ ಜನರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆ ಕಥೆಯು ಉಳಿದುಬಂದುದು ಹೇಳುವ ಬಾಯಿ, ಕೇಳುವ ಕಿವಿಗಳ ಬಲದಿಂದ. ಕೆರೆಯ ನೀರನ್ನು ಗದ್ದೆಗಳಿಗೊಯ್ಯುವ ಕಾಲುವೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂದು ಹೆಸರು. ಏರಿಯ ಹಿಂದೆ ನೀರು ಎಷ್ಟು ತುಂಬಿದ್ದರೇನು? ತೂಬು ತೆರೆಯದೆ ಪೈರು ಹಸಿರಾಗದು. ಗ್ರಂಥಾಲಯಗಳ ವಿಷಯದಲ್ಲಿಯೂ ಈ ಮಾತು ವಿಚಾರಾರ್ಹವಾಗಿದೆ.

ಕರ್ನಾಟಕದ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಅನಂತರ ಅವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರು ಪ್ರಾಪ್ತವಾಯಿತು. ‘ಅರಿವು’ ಶರಣರಿಗೆ ಪ್ರಾಣಪದವಾಗಿದ್ದ ಮಾತು. ಅಂಥ ಹೆಸರನ್ನು ಹೊತ್ತ ಮನೆಗೆ ಹೊಣೆಯೂ ಹಿರಿದು. ಪುಸ್ತಕಗಳನ್ನು ಕೂಡಿಸಿಟ್ಟ ಮಾತ್ರಕ್ಕೆ ಅಲ್ಲಿ ಅರಿವು ನೆಲಸುವುದೇ? ಅಕ್ಷರ ಬಾರದವನು ಅರಿವಿಗೆ ಹೊರಗಾದವನೇ?

‘ವಚನ’ವೆಂದರೆ ಆಡಿದ ಮಾತು. ಆಡಿದವರಲ್ಲಿ ಪಂಡಿತರಿದ್ದಂತೆಯೇ ಆಯ್ದಕ್ಕಿ ಲಕ್ಕಮ್ಮನಂತಹ ಕಾಯಕಜೀವಿಗಳೂ ಇದ್ದರು. ಒಬ್ಬರು ನುಡಿದುದನ್ನು ಮತ್ತೊಬ್ಬರು ಪ್ರಶ್ನಿಸಿ, ಒರೆಗೆ ಹಚ್ಚಿ, ಒಪ್ಪಿದುದನ್ನು ನಡೆಯಲ್ಲಿ ತರುವುದು ಅನುಭವಮಂಟಪದ ಪದ್ಧತಿಯಾಗಿತ್ತು. ಮುಂದೆ ವಚನಗಳನ್ನು ಪೋಣಿಸಿದ ಶೂನ್ಯಸಂಪಾದನೆಯೂ ಸಂವಾದದ ರೂಪವನ್ನೇ ತಾಳಿತು. ಕೇಳಿದುದು ಆಚಾರವಾದಾಗ ಮಾತ್ರವೇ ಅರಿವು ಎನಿಸಿಕೊಳ್ಳುವುದೆಂಬುದು ಶರಣರ ನಿಲುವು. ಈ ದೃಷ್ಟಿಯಿಂದ ನೋಡಿದರೆ ಅಕ್ಷರವು ಅರಿವಿಗೆ ಸಾಧನವೇ ಹೊರತು ಅರ್ಹತೆಯ ಪತ್ರವಲ್ಲ.

ಹಾಗಾದರೆ ಬಾಯಿಮಾತೇ ಸಾಕು, ಗ್ರಂಥವೇಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ವಚನಗಳ ಚರಿತ್ರೆಯೇ ಉತ್ತರ ಕೊಡುವುದು. ತಾಡವೋಲೆಯ ಕಟ್ಟುಗಳು ಇಲ್ಲದಿದ್ದರೆ ವಚನರಾಶಿಯ ಬಹುಭಾಗ ನಮಗೆ ದಕ್ಕುತ್ತಿರಲಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ವಸ್ತ್ರದಲ್ಲಿ ಸುತ್ತಿ, ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳವಾಗಿದ್ದರು. ಭಕ್ತಿಯು ಅವುಗಳನ್ನು ಕಾಪಾಡಿತು. ಮಾತನ್ನು ಮಾತ್ರ ಮೌನಗೊಳಿಸಿತು. ಡಾ. ಫ. ಗು. ಹಳಕಟ್ಟಿಯವರು (1880–1964) ಮಠಮನೆಗಳನ್ನು ಅಲೆದು ಓಲೆಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಮಾಡಿದ್ದು ತೂಬು ತೆರೆಯುವ ಕಾಯಕ.

ಬಾಯಿಮಾತಿಗೆ ಮತ್ತೊಂದು ದೋಷವುಂಟು. ಹೇಳುವವನು ತನಗೆ ಒಪ್ಪುವುದನ್ನು ಹಿಗ್ಗಿಸಿ, ಒಪ್ಪದುದನ್ನು ನುಂಗಿಬಿಡಬಲ್ಲನು. ಕೇಳುವವನು ಗ್ರಂಥವನ್ನು ತೆರೆದು ತಾನೇ ನೋಡುವಂತಿದ್ದರೆ ಅವನು ಯಾರ ನಾಲಗೆಗೂ ಅಡಿಯಾಳಾಗನು. ಏಕಾಂತದಲ್ಲಿ ಓದುವ ಸ್ವಾತಂತ್ರ್ಯವು ಸಣ್ಣದಲ್ಲ. ಆದರೆ ಏಕಾಂತದ ಓದಿಗೆ ಪ್ರಶ್ನಿಸುವವರಿಲ್ಲ. ತಪ್ಪಾಗಿ ತಿಳಿದುದೂ ಅಲ್ಲಿ ಸರಿಯೆಂದೇ ಉಳಿದೀತು. ಆದ್ದರಿಂದ ಕಿವಿಗೆ ಗ್ರಂಥದ ಸಾಕ್ಷಿ ಬೇಕು, ಗ್ರಂಥಕ್ಕೆ ಗೋಷ್ಠಿಯ ಒರೆಗಲ್ಲು ಬೇಕು.

ಇಂದು ಗ್ರಂಥಗಳ ಅಭಾವವಿಲ್ಲ. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಈಗ ವಚನಗಳು ಮೊಬೈಲಿನಲ್ಲಿಯೂ ದೊರೆಯುತ್ತವೆ. ಓಲೆಯ ಕಟ್ಟು ಅಂಗೈಯಗಲದ ಗಾಜಿನೊಳಗೆ ಸೇರಿತು. ಬಿಚ್ಚದೆ ಇಡುವ ಚಾಳಿ ಮಾತ್ರ ಬಿಟ್ಟುಹೋಗಿಲ್ಲ. ಬೆಳಗಿಗೊಂದು ವಚನವನ್ನು ಬಂಧುಗಳಿಗೆಲ್ಲ ಕಳುಹಿ, ತಾನು ಅದನ್ನು ಎರಡನೆಯ ಸಲ ನೋಡದವನು, ವಸ್ತ್ರದ ಮೇಲೆ ಹೂವೇರಿಸಿದವನಿಗಿಂತ ಹೇಗೆ ಮುಂದೆ?

1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ಮನೆಯ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಲ್ಲುತ್ತದೆ. ಓದು ಬಾರದ ಮುದುಕಿಯೂ ತನ್ನ ಮನೆಗೆ ಆ ಕರವನ್ನು ತೆರುತ್ತಾಳೆ. ಆಕೆಗೆ ಆ ಗ್ರಂಥಾಲಯದಿಂದ ದೊರೆಯುವುದೇನು? ಶ್ರಾವಣಮಾಸದ ಪುರಾಣಪ್ರವಚನದಲ್ಲಿ ಒಬ್ಬರು ಓದಿ ಅರ್ಥ ಹೇಳಿದರೆ ನೂರಾರು ಜನ ಕೇಳುವರು. ಅಲ್ಲಿ ಆಕೆಗೂ ಸ್ಥಳವುಂಟು. ಅದೇ ರೂಢಿಯನ್ನು ಅರಿವು ಕೇಂದ್ರಕ್ಕೆ ತರಬಾರದೇಕೆ? ವಾರಕ್ಕೊಂದು ಸಂಜೆ ಶಾಲೆಯ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಲಿ. ಹಿರಿಯರು ಕೇಳಲಿ, ಪ್ರಶ್ನಿಸಲಿ. ಬಳಿಕ ಆ ಮುದುಕಿ ಶಾಂತವ್ವೆಯ ಕಥೆಯನ್ನು ಹೇಳಲಿ. ಹುಡುಗಿ ಅದನ್ನು ಬರೆದುಕೊಳ್ಳಲಿ.

ದಾನದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭೇದ ಉಳಿಯುತ್ತದೆ, ದಾಸೋಹದಲ್ಲಿ ಅದಿಲ್ಲ. ಓದಬಲ್ಲ ಹುಡುಗಿ ಅಕ್ಷರವನ್ನು ನೀಡುವಳು. ಬಾಳಿದ ಮುದುಕಿ ಅನುಭವವನ್ನು ನೀಡುವಳು. ಇಬ್ಬರೂ ನೀಡುವವರು, ಇಬ್ಬರೂ ಪಡೆಯುವವರು. ಗ್ರಂಥಭಂಡಾರವು ಅರಿವಿನ ಮನೆಯಾಗುವ ಬಗೆ ಇದು. ಕೆರೆಯನ್ನು ಹಿರಿಯರು ಕಟ್ಟಿಕೊಟ್ಟಿದ್ದಾರೆ, ನೀರೂ ತುಂಬಿದೆ. ತೂಬನ್ನೆತ್ತುವ ಕಾಯಕ ಈ ತಲೆಮಾರಿನದು.