ಯಾರ ಮುಖಕ್ಕೆ ಯಾವ ಬೆಳಕು

ಕನ್ನಡದಲ್ಲಿ ‘ಕಾಣಿಸು’, ‘ತೋರಿಸು’ ಎಂಬ ಎರಡು ಮಾತುಗಳಿವೆ. ಅಕ್ಕಪಕ್ಕ ಇದ್ದರೂ ಅವೆರಡೂ ಒಂದೇ ಅಲ್ಲ. ದೂರದಲ್ಲಿ ಊರು ಕಾಣಿಸುತ್ತದೆ, ನಸುಕಿನಲ್ಲಿ ಬೆಳ್ಳಿಚುಕ್ಕಿ ಕಾಣಿಸುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ತೋರಿಸಬೇಕಾದರೆ ಮಾತ್ರ ತೋರಿಸುವವರು ಒಬ್ಬರಿರಬೇಕು, ಅವರಿಗೊಂದು ಉದ್ದೇಶ ಇರಬೇಕು. ವಿಡಿಯೋ ಪಾಡ್‌ಕಾಸ್ಟಿಗೆ ಯಾವ ದೀಪ ಕೊಳ್ಳಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯ ಪ್ರಶ್ನೆ. ಆದರೆ ಕೊಳ್ಳಲು ಹೊರಟಾಗ ಅದು ಈ ಎರಡು ಮಾತುಗಳ ನಡುವೆ ಬಂದು ನಿಲ್ಲುತ್ತದೆ. ಎದುರಿಗೆ ಕೂತವರ ಮುಖ ಕಾಣಿಸಿದರೆ ಸಾಕೋ, ಅಥವಾ ಅದನ್ನು ನಾವು ತೋರಿಸಬೇಕೋ?

ನನ್ನ ಪಿಎಚ್.ಡಿ. ಕೆಲಸ ಸಿಂದಗಿ ತಾಲ್ಲೂಕಿನ ಮೋರಟಗಿ ಮತ್ತು ಸುತ್ತಲಿನ ಊರುಗಳ ಹೆಂಗಸರ ಹಾಡುಗಳ ಮೇಲೆ. ಹಾಡಿನ ಜೊತೆ ಅವರ ಮಾತುಕತೆಯನ್ನೂ ವಿಡಿಯೋ ಪಾಡ್‌ಕಾಸ್ಟ್ ಆಗಿ ಉಳಿಸಬೇಕು ಎಂದುಕೊಂಡಾಗ ಗೆಳೆಯರು ಸಲಹೆಗಳ ಪಟ್ಟಿಯನ್ನೇ ಕೊಟ್ಟರು. ಒಬ್ಬರು ರಿಂಗ್ ಲೈಟ್ ಸಾಕು ಎಂದರು. ಇನ್ನೊಬ್ಬರು ಮುಂದೊಂದು, ಪಕ್ಕಕ್ಕೊಂದು, ಬೆನ್ನ ಹಿಂದೊಂದು, ಹೀಗೆ ಮೂರು ದೀಪ ಬೇಕೇಬೇಕು ಎಂದರು. ಮೂರನೆಯವರು ಹಳ್ಳಿಯನ್ನು ಇದ್ದಹಾಗೇ ಬಿಡು, ದೀಪವೇ ಬೇಡ ಎಂದರು. ಫೆಲೋಶಿಪ್ಪಿನ ದುಡ್ಡಿನಲ್ಲಿ ಆಯ್ಕೆಗಳು ಹೇಗೂ ಕಡಿಮೆ. ಆದರೂ ಮೂರೂ ಸಲಹೆಗಳಲ್ಲಿ ಯಾವುದೋ ಒಂದು ಕೇಳದೇ ಉಳಿದಿದೆ ಎನ್ನಿಸುತ್ತಿತ್ತು.

ಅದು ಏನೆಂದು ತಿಳಿಯಲು ಇದೇ ಜಿಲ್ಲೆಯ ಹಲಸಂಗಿಯನ್ನು ನೆನೆಯಬೇಕು. ಹಲಸಂಗಿ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ ಅಚ್ಚಾದದ್ದು 1931ರಲ್ಲಿ. ಬೀಸುಕಲ್ಲಿನ ಹಾಡು ಹುಟ್ಟುತ್ತಿದ್ದದ್ದು ಕೋಳಿ ಕೂಗುವ ಹೊತ್ತಿಗೆ, ಚಿಮಣಿಯ ಮಂದ ಬೆಳಕಿನಲ್ಲಿ. ಆ ತ್ರಿಪದಿಗಳು ನಮಗೆ ಗೊತ್ತು, ಬೀಸಿದವರ ಮುಖ ಗೊತ್ತಿಲ್ಲ. ಬರೆದುಕೊಳ್ಳುವವರಿಗೆ ಬೇಕಾಗಿದ್ದದ್ದು ದನಿ ಮಾತ್ರ. ನಾವು ಮುಖವನ್ನೂ ಕೇಳುತ್ತಿದ್ದೇವೆ. ಒಮ್ಮೆ ಜಾಲಕ್ಕೆ ಬಿದ್ದ ಮುಖವನ್ನು ಮರಳಿ ಕರೆಸಿಕೊಳ್ಳುವುದು ಆಗದ ಮಾತು. ಇಷ್ಟು ದೊಡ್ಡದನ್ನು ಕೇಳುವವರು ಆ ಮುಖ ಯಾವ ಬೆಳಕಿನಲ್ಲಿ ಉಳಿಯುತ್ತದೆ ಎಂಬುದಕ್ಕೂ ಹೊಣೆಗಾರರು.

ದೀಪವೇ ಬೇಡ ಎಂಬ ಸಲಹೆ ಕೇಳಲು ಪ್ರಾಮಾಣಿಕವಾಗಿದೆ. ಆದರೆ ನಾವು ಏನೂ ಮಾಡದಿದ್ದರೆ ಯಂತ್ರ ಸುಮ್ಮನಿರುವುದಿಲ್ಲ. ಕ್ಯಾಮೆರಾದ ತಾನೇತಾನಾದ ಲೆಕ್ಕ ಇಡೀ ಚಿತ್ರವನ್ನು ಸರಾಸರಿಯಲ್ಲಿ ನಡುಬೂದು ಮಾಡಲು ನೋಡುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮೈಬಣ್ಣದ ಮುದುಕಿಯನ್ನು ಕೂರಿಸಿದರೆ ಅದು ಗೋಡೆಯನ್ನು ನೋಡಿ ಬೆಳಕು ಇಳಿಸುತ್ತದೆ. ಗೋಡೆ ಸರಿಯಾಗುತ್ತದೆ, ಮುಖ ಇದ್ದಿಲಾಗುತ್ತದೆ. ಇದಕ್ಕೊಂದು ಚರಿತ್ರೆಯೂ ಇದೆ. ಕೊಡಾಕ್ ಕಂಪನಿ ಬಣ್ಣದ ಫೋಟೋ ತೊಳೆಯುವ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದವಳು ಬಿಳಿಯ ಹೆಂಗಸು. ‘ಶರ್ಲಿ ಕಾರ್ಡ್’ ಎಂದೇ ಅದಕ್ಕೆ ಹೆಸರು. ಅವಳ ಮೈಬಣ್ಣ ಸರಿಬಂದರೆ ಫೋಟೋ ಸರಿ. ಕಂದುಬಣ್ಣದ ಛಾಯೆಗಳು ಫಿಲ್ಮಿನಲ್ಲಿ ಸುಧಾರಿಸಿದ್ದರ ಹಿಂದೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರುಗಳಿದ್ದವು ಎಂದು ಕೆನಡಾದ ಮಾಧ್ಯಮ ವಿದ್ವಾಂಸೆ ಲೋರ್ನಾ ರಾತ್ ದಾಖಲಿಸಿದ್ದಾರೆ. ಮನುಷ್ಯರ ಮುಖಕ್ಕಿಂತ ಮೇಜಿನ ಮಾತು ಬೇಗ ಕೇಳಿಸಿತ್ತು.

ದೀಪದ ಡಬ್ಬಿಯ ಮೇಲಿನ ಅಂಕಿಯಲ್ಲೂ ಇಂಥದೊಂದು ಮರೆವು ಅಡಗಿದೆ. ಬಣ್ಣವನ್ನು ಎಷ್ಟು ನಿಜವಾಗಿ ಕಾಣಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ, ಹೆಚ್ಚೆಂದರೆ 100. ಆದರೆ ಆ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದನ್ನು ಆರ್‌9 ಎಂದು ಬೇರೆಯಾಗಿ ಅಳೆಯುತ್ತಾರೆ, ಅಗ್ಗದ ದೀಪಗಳ ಡಬ್ಬಿಯ ಮೇಲೆ ಅದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಗಾಢ ಕೆಂಪು ಎಂದರೆ ನಮ್ಮ ಕಡೆ ಏನು? ಹಣೆಯ ಕುಂಕುಮ, ಇಳಕಲ್ ಸೀರೆಯ ಸೆರಗು, ಎಲೆಅಡಿಕೆ ತಿಂದ ತುಟಿ, ಕಪ್ಪು ಚರ್ಮದ ಒಳಗಿನಿಂದ ಹಾಯುವ ರಕ್ತದ ಕಳೆ. ಸಿಆರ್‌ಐ 80ರ ಸುತ್ತಲಿನ ದೀಪದಡಿ ಇವೆಲ್ಲ ಸಪ್ಪೆಯಾಗಿ, ಆರೋಗ್ಯವಂತೆಯೂ ಜ್ವರದಿಂದ ಎದ್ದವಳಂತೆ ಕಾಣಬಹುದು. ಒಂದೇ ದೀಪಕ್ಕೆ ದುಡ್ಡಿದ್ದರೂ ಸರಿ, ಸಿಆರ್‌ಐ 95ಕ್ಕೆ ಮೇಲಿರುವ, ಆರ್‌9 ಬರೆದಿರುವ ದೀಪವನ್ನೇ ಕೊಳ್ಳಬೇಕು ಎಂದು ನಿರ್ಧರಿಸಿದ್ದು ಈ ಕಾರಣಕ್ಕೆ. ಮೂರು ದೀಪಗಳ ಥಳಕಿಗಿಂತ ಒಂದು ದೀಪದ ಸತ್ಯ ಮೇಲು.

ಸತ್ಯ ಎಂದೆ. ಇಲ್ಲಿ ಎರಡು ಬಗೆಯ ಸುಳ್ಳುಗಳನ್ನು ದಾಟಬೇಕು. ಒಂದು ಎಲ್ಲರಿಗೂ ಗೊತ್ತಿರುವ ಬೆಳ್ಳಗಾಗಿಸುವ ಸುಳ್ಳು. ಇನ್ನೊಂದು ಓದಿದವರ ಸುಳ್ಳು: ಒಂದೇ ಬದಿಯಿಂದ ಗಡುಸು ಬೆಳಕು ಬಿಟ್ಟು, ಮುಖದ ಸುಕ್ಕುಗಳನ್ನೆಲ್ಲ ಹೊಲದ ಬಿರುಕುಗಳಂತೆ ಎಬ್ಬಿಸಿ, ಹಿಂದೆ ಕತ್ತಲೆ ತುಂಬಿ, ಇದೇ ಉತ್ತರ ಕರ್ನಾಟಕದ ಬರ ಎಂದು ಒಪ್ಪಿಸುವುದು. ಇಂಥ ಚಿತ್ರಗಳಿಗೆ ಪ್ರದರ್ಶನಗಳಲ್ಲಿ ಬೆಲೆ ಇದೆ. ಆದರೆ ನಮ್ಮ ಮನೆಗಳ ಗೋಡೆಯ ಮೇಲಿರುವ ಹಳೆಯ ಸ್ಟುಡಿಯೋ ಫೋಟೋಗಳನ್ನು ನೋಡಿ. ತಲೆಮೇಲೆ ಸೆರಗು ಹೊದ್ದು, ನೆಟ್ಟಗೆ ಕೂತು, ಮುಖದ ತುಂಬ ಸಮನಾದ ಬೆಳಕು. ತಮ್ಮ ದುಡ್ಡು ಕೊಟ್ಟು ತೆಗೆಸಿಕೊಂಡಾಗ ಅವರು ಆರಿಸಿದ್ದು ಈ ಬೆಳಕನ್ನು. ಸುಕ್ಕನ್ನು ಹಾಡಿಗಿಂತ ದೊಡ್ಡದು ಮಾಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಮೃದುವಾದ ಬೆಳಕು ಎಂದರೆ ಸಿಂಗಾರ ಎಂದು ತಿಳಿಯಬೇಕಿಲ್ಲ. 1956ರ ‘ಅಪರಾಜಿತೋ’ ಚಿತ್ರಕ್ಕೆ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಮೇಲಿನಿಂದ ಇಳಿಯುವ, ನೆರಳು ಬೀಳದ ಹಗಲು ಅಲ್ಲಿ ಬೇಕಿತ್ತು. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಅದಕ್ಕೆ ಹಾಯಿಸಿ, ಮರಳಿ ಬಂದ ಬೆಳಕಿನಲ್ಲಿ ಚಿತ್ರ ತೆಗೆದರು. ನಮ್ಮ ಮೈಸೂರಿನವರಾದ ವಿ.ಕೆ. ಮೂರ್ತಿಯವರು ಇದಕ್ಕೆ ತೀರ ಬೇರೆ ದಾರಿಯವರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬ ನಿಲ್ಲಿಸಿದರು. ಅಲ್ಲಿ ಆ ನಾಟಕೀಯತೆ ಕಥೆಗೆ ಬೇಕಿತ್ತು, ನಟರು ಅದಕ್ಕೆ ಒಪ್ಪಿ ನಿಂತವರು. ನಮ್ಮ ಆಯಿ ನಟಿಯಲ್ಲ. ಅವರ ಮಾಳಿಗೆ ಮನೆಯ ಬೆಳಕಿಂಡಿ, ಪಡಸಾಲೆಯ ಬಾಗಿಲು ಈಗಾಗಲೇ ಸುಬ್ರತ ಮಿತ್ರರ ಬಟ್ಟೆಯ ಕೆಲಸ ಮಾಡುತ್ತಿವೆ. ಕೊಂಡ ದೀಪ ಅದಕ್ಕೆ ಸೇರಬೇಕು. ಹಗಲಿಗೆ ಹೊಂದುವಂತೆ 5600 ಕೆಲ್ವಿನ್‌ಗೆ ಇಟ್ಟು, ಬಿಳಿ ಧೋತರಕ್ಕೆ ಬಡಿಸಿ ಮರಳಿಸಿದರೆ ಅದು ಬಂದದ್ದೇ ಗೊತ್ತಾಗುವುದಿಲ್ಲ.

ದೀಪ ಹಚ್ಚಿ ನೋಡುತ್ತಿದ್ದ ದಿನ ಒಬ್ಬ ಆಯಿ ಅಂದದ್ದನ್ನು ಇಲ್ಲಿ ಹೇಳಲೇಬೇಕು. ದೀಪವನ್ನು ಅವರ ಎದುರಿಗೆ, ಕ್ಯಾಮೆರಾದ ಪಕ್ಕ ಇಟ್ಟಿದ್ದೆವು. ಅವರು ಹಣೆಗೆ ಕೈ ಅಡ್ಡ ಹಿಡಿದು, “ಯವ್ವಾ, ಇಷ್ಟ ಬೆಳಕ ಬಿಟ್ರ ನಿನ್ನ ಮಾರಿ ನನಗ ಕಾಣಂಗಿಲ್ಲ. ಕತ್ಲಿ ಮುಂದ ಕುಂತು ಹಾಡ ಹೇಳಿದಂಗ ಆಗ್ತದ” ಎಂದರು. ಬೆಳಕಿನ ಬಗ್ಗೆ ನಾನು ಓದಿದ ಯಾವ ಕೈಪಿಡಿಯಲ್ಲೂ ಈ ಮಾತಿರಲಿಲ್ಲ. ಎಲ್ಲ ಕೈಪಿಡಿಗಳೂ ಮಾತಾಡುವವರು ಹೇಗೆ ಕಾಣುತ್ತಾರೆ ಎಂದು ಕೇಳುತ್ತವೆ. ಮಾತಾಡುವವರಿಗೆ ಏನು ಕಾಣುತ್ತದೆ ಎಂದು ಕೇಳುವುದಿಲ್ಲ. ಒಬ್ಬರನ್ನು ಬೆಳಕಿನಲ್ಲಿ ಕೂರಿಸಿ, ಕೇಳುವವರು ಕತ್ತಲೆಯಲ್ಲಿ ಕೂತರೆ ಅದು ಮಾತುಕತೆ ಅಲ್ಲ, ವಿಚಾರಣೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯ ಇನ್ನೊಂದು ಅರ್ಥ ಇದು: ಆ ಬುಡದ ಕತ್ತಲೆಯಲ್ಲಿ ಅಡಗಿ ಕೂತವರು ನಾವೇ.

ಹಾಗಾದರೆ ನಿಯಮ ಸರಳ. ನಾನು ಕೂರಲಾರದ ಬೆಳಕಿನಲ್ಲಿ ಇನ್ನೊಬ್ಬರನ್ನು ಕೂರಿಸಬಾರದು. ದೀಪ ಇಬ್ಬರ ಮೇಲೂ ಸಮನಾಗಿ ಬೀಳಲಿ. ಪೊರೆ ಬಂದ, ಆಪರೇಷನ್ ಆದ ಕಣ್ಣುಗಳಿಗೆ ಸಣ್ಣ ದೀಪದ ಚುಚ್ಚುವ ಬೆಳಕಿಗಿಂತ ಅಗಲವಾದ, ಬದಿಯಿಂದ ಬರುವ ಬೆಳಕು ಹಿತ. ರಿಂಗ್ ಲೈಟ್ ನೋಟದ ನೇರಕ್ಕೇ ನಿಲ್ಲುತ್ತದೆ, ಕಣ್ಣಗೊಂಬೆಯಲ್ಲಿ ಬಳೆಯಂಥ ಬಿಳಿ ಉಂಗುರ ಬಿಡುತ್ತದೆ. ನಾವು ಅದನ್ನು ಬಿಟ್ಟದ್ದು ಇದಕ್ಕೆ.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ಆಯಿಯ ಜೊತೆ ಸೊಲ್ಲು ಹಿಡಿಯುವ ಮನೆಯ ಸೊಸೆ, “ಅಕ್ಕಾ, ನನ್ನ ಮಾರಿ ಸ್ವಲ್ಪ ಬೆಳ್ಳಗ ಕಾಣಂಗ ಮಾಡ್ರಿ” ಎಂದಳು. ಮೊಬೈಲಿನ ಫಿಲ್ಟರ್ ಒಂದು ಕ್ಷಣದಲ್ಲಿ ಮಾಡುತ್ತದೆ. ಅವಳ ಮುಖ, ಅವಳ ಇಚ್ಛೆ, ಬೇಡ ಎನ್ನಲು ನಾನು ಯಾರು? ಹೆಣ್ಣು ನೋಡಲು ಬಂದವರಿಂದ ‘ಕಪ್ಪು’ ಎಂಬ ಮಾತು ಕೇಳಿ ಬೆಳೆದವಳಿಗೆ ಶರ್ಲಿ ಕಾರ್ಡಿನ ಕಥೆ ಹೇಳಿ ಉಪದೇಶ ಮಾಡುವುದು ಸಲೀಸು, ಆದರೆ ನ್ಯಾಯವಲ್ಲ. ಆದರೂ ಬೆಳಕಿಗೂ ಫಿಲ್ಟರಿಗೂ ವ್ಯತ್ಯಾಸ ಇದೆ. ಬೆಳಕು ಬೀಳುವುದು ಅವಳ ಮುಖದ ಮೇಲೆ. ಅದರಡಿ ಕೂತು ಕನ್ನಡಿ ಹಿಡಿದರೆ ಕಾಣುವವಳು ಅವಳೇ. ಫಿಲ್ಟರ್ ಕೊಡುವ ಮುಖವನ್ನು ಅವಳು ಕನ್ನಡಿಯಲ್ಲಿ ಎಂದೂ ಕಾಣಲಾರಳು. ಫಿಲ್ಟರ್ ಹಾಕೆನೆಂದೆ, ಬದಲಿಗೆ ಒಂದು ಅಧಿಕಾರ ಕೊಟ್ಟೆ: ಒಳ್ಳೆಯ ಬೆಳಕಿನಲ್ಲಿ ತೆಗೆದದ್ದನ್ನು ಮೊದಲು ನೀನು ನೋಡು, ಒಪ್ಪಿಗೆಯಾಗದಿದ್ದರೆ ಹೊರಗೆ ಹೋಗುವುದಿಲ್ಲ. ಈ ಉತ್ತರದಲ್ಲೂ ನನ್ನ ಕೈಯೇ ಸ್ವಲ್ಪ ಮೇಲಿದೆ, ಗೊತ್ತು. ಕ್ಯಾಮೆರಾ ಒಬ್ಬರ ಕೈಯಲ್ಲೇ ಇರುವವರೆಗೂ ಅದು ಪೂರ್ತಿ ಹೋಗದು. ಕೈ ಮೇಲಿದೆ ಎಂಬುದನ್ನು ಮರೆಯದೆ ಕೆಲಸ ಮಾಡಬಹುದು, ಅಷ್ಟೆ.

ಕೊನೆಗೆ ಕೊಂಡದ್ದು ಬ್ಯಾಟರಿಯ ಮೇಲೂ ಉರಿಯುವ ಒಂದು ಅಗಲವಾದ ಎಲ್‌ಇಡಿ ಪ್ಯಾನೆಲ್ ಮತ್ತು ಅದರ ಸ್ಟ್ಯಾಂಡು. ಬಿಳಿ ಬಟ್ಟೆ ಪ್ರತಿ ಮನೆಯಲ್ಲೂ ಸಿಗುತ್ತದೆ. ಮುಖ ಬೇಡ, ಹಾಡು ಮಾತ್ರ ತಗೋ ಎನ್ನುವವರೂ ಇದ್ದಾರೆ. ಅವರ ಮುಂದೆ ದೀಪವನ್ನು ಚೀಲದಿಂದ ತೆಗೆಯುವುದೇ ಇಲ್ಲ. ಮೈಕು ಇಟ್ಟು ಕೂರುತ್ತೇವೆ, ಹಲಸಂಗಿಯವರಂತೆ, ಕಿವಿಯೊಂದನ್ನೇ ನಂಬಿ.